ದಂಡೆಗೆ ಬಂದು ಬಿದ್ದ ಪ್ರಾಣಿಯನ್ನು ಎತ್ತಿ ನೀರಿಗೆ ಬಿಡಬೇಕಾ?

ನೀವು ಕೇಳಿದ್ದು ಎರಡು ವಿಷಯ. ಟಿವಿಯಲ್ಲಿ ಸೀಲ್ ಮರಿಗಳನ್ನು ಸಾಕಿ ಮತ್ತೆ ಕಡಲಿಗೆ ಬಿಡುವುದನ್ನು ನೋಡಿದ್ದೀರಿ, ಅದು ನಿಜಕ್ಕೂ ಹೇಗೆ ನಡೆಯುತ್ತದೆ ಅಂತ ಒಂದು. ಕಾರವಾರಕ್ಕೆ ವರ್ಗವಾಗಿ ಬಂದಿದ್ದೀರಿ, ಬೆಳಿಗ್ಗೆ ವಾಕಿಂಗ್ ಹೋದಾಗ ದಂಡೆಯಲ್ಲಿ ಆಮೆ ಗೀಮೆ ಬಿದ್ದಿದ್ದರೆ ಕೂಡಲೇ ನೀರಿಗೆ ಬಿಡಬೇಕಾ ಅಂತ ಇನ್ನೊಂದು. ಎರಡನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ: ಬಿಡಬೇಡಿ. ಯಾಕೆ ಅಂತ ನನಗೆ ಅರ್ಥವಾದದ್ದು ಸೀಲ್ ಮರಿಗಳಿಂದಲೇ.

ನಾನು ಕಾರವಾರದ ಪಕ್ಕದ ಮಾಜಾಳಿಯವನು. ನಮ್ಮ ಕಡಲಲ್ಲಿ ಸೀಲ್ ಇಲ್ಲ, ಅದು ಹೆಚ್ಚಾಗಿ ತಣ್ಣೀರಿನ ಪ್ರಾಣಿ. ಓದೋಕೆ ಅಂತ ನೆದರ್‌ಲೆಂಡ್ಸ್‌ನ ಗ್ರೋನಿಂಗನ್‌ನಲ್ಲಿದ್ದಾಗ ಎರಡು ಬೇಸಿಗೆ ಶನಿವಾರ ಭಾನುವಾರ ಅಲ್ಲಿನ ಒಂದು ಸೀಲ್ ಆಸ್ಪತ್ರೆಗೆ ಹೋಗುತ್ತಿದ್ದೆ. ಕಾರವಾರದ ಹುಡುಗ, ಮೀನಿನ ವಾಸನೆಗೆ ಹೆದರುವವನಲ್ಲ ಅಂತ ಗೊತ್ತಾಗಿ ನನ್ನನ್ನು ಸೀದಾ ಅಡುಗೆಮನೆಗೇ ಹಾಕಿದರು. ಅಲ್ಲಿ ಸಿಗೋದು ಹೆರಿಂಗ್ ಮೀನು. ನೋಡೋಕೆ ನಮ್ಮ ತಾರ್ಲೆಯ ಅಣ್ಣನ ಹಾಗೆ, ಹತ್ತಿರದ ಸಂಬಂಧಿಯೂ ಹೌದು.

ಅಲ್ಲಿನ ಹಾರ್ಬರ್ ಸೀಲ್ ಜೂನ್, ಜುಲೈನಲ್ಲಿ ಮರಿ ಹಾಕುತ್ತದೆ. ಹುಟ್ಟಿದಾಗ ಸುಮಾರು 10 ಕೆಜಿ. ತಾಯಿ ಹಾಲು ಕೊಡೋದು ಮೂರು ನಾಲ್ಕು ವಾರ ಮಾತ್ರ, ಆದರೆ ಆ ಹಾಲಿನಲ್ಲಿ ಸುಮಾರು ಅರ್ಧ ಕೊಬ್ಬೇ ಇರುತ್ತದೆ. ಅಷ್ಟರಲ್ಲೇ ಮರಿಯ ತೂಕ ಎರಡು ಪಟ್ಟಿಗೂ ಜಾಸ್ತಿ ಆಗಿಬಿಡುತ್ತದೆ. ಈ ನಡುವೆ ಬಿರುಗಾಳಿಗೋ ಜನರ ಗದ್ದಲಕ್ಕೋ ತಾಯಿ ತಪ್ಪಿಹೋದರೆ ಮರಿ ದಂಡೆಯಲ್ಲಿ ಕೂಗುತ್ತಾ ಬಿದ್ದಿರುತ್ತದೆ. ಡಚ್ಚರು ಇಂಥ ಮರಿಯನ್ನು ಹಾಯ್ಲರ್ ಅಂತ ಕರೆಯುತ್ತಾರೆ, ಅಂದರೆ ಅಳುವವ. ಕೂಗು ಕೇಳಿದರೆ 'ಮಾ' ಅಂದ ಹಾಗೇ ಇರುತ್ತದೆ, ಸುಮ್ನೆ ಹೇಳುತ್ತಿಲ್ಲ.

ಆಸ್ಪತ್ರೆಗೆ ಬಂದ ಮರಿಗೆ ಮೊದಲ ದಿನ ಮೀನೂ ಇಲ್ಲ, ಹಾಲೂ ಇಲ್ಲ. ಒಣಗಿಹೋಗಿರುತ್ತದೆ ಅಲ್ವಾ, ನಮ್ಮ ಓಆರ್‌ಎಸ್ ಥರದ ನೀರನ್ನು ನಳಿಗೆಯಲ್ಲಿ ಸೀದಾ ಹೊಟ್ಟೆಗೆ ಇಳಿಸುತ್ತಾರೆ. ಹಸುವಿನ ಹಾಲಂತೂ ಕೊಡಲೇಬಾರದು, ಅದರಲ್ಲಿರುವ ಲ್ಯಾಕ್ಟೋಸ್ ಆ ಹೊಟ್ಟೆಗೆ ಅರಗುವುದಿಲ್ಲ. ಆಮೇಲೆ ಹೆರಿಂಗನ್ನು ಮಿಕ್ಸಿಗೆ ಹಾಕಿ ಅಂಬಲಿಯ ಹಾಗೆ ಮಾಡಿ ದಿನಕ್ಕೆ ನಾಲ್ಕೈದು ಸಲ. ನನ್ನ ಕೆಲಸ ಅದೇ, ರುಬ್ಬೋದು, ನಳಿಗೆ ತೊಳೆಯೋದು. ಸ್ವಲ್ಪ ಗಟ್ಟಿಯಾದ ಮೇಲೆ ಇಡೀ ಮೀನನ್ನು ತಲೆ ಮುಂದೆ ಮಾಡಿ ಗಂಟಲಿಗೆ ತುರುಕುತ್ತಾರೆ. ಬಾಲ ಮುಂದಾದರೆ ಈಜುರೆಕ್ಕೆ, ಹುರುಪೆ ಸಿಕ್ಕಿಕೊಳ್ಳುತ್ತದೆ. ಮರಿ ಕಚ್ಚಿದರೆ ನಮ್ಮ ಬೆರಳು ಬಾತು ಗಂಟಿನವರೆಗೆ ನೋವು ಏರುವ ಒಂದು ಸೋಂಕು ಬರುತ್ತದೆ, ಸೀಲ್ ಫಿಂಗರ್ ಅಂತಲೇ ಅದರ ಹೆಸರು. ಕೊನೆಗೆ ಕೊಳಕ್ಕೆ ಬಿಟ್ಟು ಮೀನು ಎಸೆಯುತ್ತಾರೆ. ಉಳಿದ ಮರಿಗಳ ಜೊತೆ ಜಗಳವಾಡಿ ಕಿತ್ತು ತಿನ್ನಲು ಕಲಿತರೆ ಅರ್ಧ ಪಾಸು. ಮುದ್ದು ಮಾಡುವ ಹಾಗಿಲ್ಲ, ಹತ್ತಿರ ನಿಂತು ಹರಟುವ ಹಾಗೂ ಇಲ್ಲ, ಮನುಷ್ಯ ಅಂದರೆ ಊಟ ಅಂತ ಅದಕ್ಕೆ ಅನಿಸಲೇಬಾರದು. ಎರಡು ಮೂರು ತಿಂಗಳಾದ ಮೇಲೆ ಮೈ ತುಂಬಿದ್ದರೆ ಹಿಂಗಾಲಿಗೆ ಟ್ಯಾಗ್ ಹಾಕಿ ಕಡಲಿಗೆ ಬಿಡುತ್ತಾರೆ.

ಒಂದು ಭಾನುವಾರ ಪ್ರವಾಸಕ್ಕೆ ಬಂದ ಕುಟುಂಬವೊಂದು ಸ್ನಾನದ ಟವೆಲ್‌ನಲ್ಲಿ ಸುತ್ತಿ ಒಂದು ಮರಿಯನ್ನು ಕಾರಿನ ಹಿಂದೆ ಹಾಕಿಕೊಂಡು ತಂದರು. ಪಾಪ, ಮಕ್ಕಳಿಬ್ಬರೂ ಅಳುತ್ತಿದ್ದರು. ಟವೆಲ್ ಬಿಚ್ಚಿದರೆ ಒಳ್ಳೆ ದುಂಡಗಿದೆ, ಕಣ್ಣಿನ ಸುತ್ತ ಒದ್ದೆ, ಹೊಕ್ಕುಳ ಬಳ್ಳಿಯ ಒಣಗಿದ ತುಂಡು ಇನ್ನೂ ನೇತಾಡುತ್ತಿದೆ. ಅಲ್ಲಿದ್ದ ಹಿರಿಯ ದಾದಿ ಏನೂ ಬೈಯಲಿಲ್ಲ, ಅವರು ಹೋದ ಮೇಲೆ ಗೋಡೆಗೆ ಒರಗಿ ನಿಂತುಬಿಟ್ಟಳು. ಕಣ್ಣಿನ ಸುತ್ತ ಒದ್ದೆ ಇದ್ದರೆ ಮೈಯಲ್ಲಿ ನೀರಿನಂಶ ಸಾಕಷ್ಟಿದೆ ಅಂತ ಅರ್ಥ. ಆ ಮರಿಗೆ ತಾಯಿ ಇದ್ದಳು. ಮೀನಿಗೋ ಏನಕ್ಕೋ ನೀರಿಗೆ ಇಳಿದಿರಬೇಕು, ಅಷ್ಟರಲ್ಲಿ ಇವರು ಎತ್ತಿಕೊಂಡು ಬಂದಿದ್ದಾರೆ. ಎಲ್ಲಿಂದ ತಂದರು ಅಂತ ಸರಿಯಾಗಿ ಹೇಳೋಕೂ ಅವರಿಗೆ ಬರಲಿಲ್ಲ. ಮೂರು ತಿಂಗಳು ನಾವು ಅಂಬಲಿ ರುಬ್ಬಿದೆವು.

ಅವರನ್ನು ಬೈಯುವ ಯೋಗ್ಯತೆ ನನಗಿರಲಿಲ್ಲ. ಕಾಲೇಜಿನಲ್ಲಿದ್ದಾಗ ಒಂದು ಆಗಸ್ಟ್‌ನಲ್ಲಿ, ಮಳೆಗಾಲದ ಮೀನುಗಾರಿಕೆ ರಜೆ ಮುಗಿದು ಬೋಟುಗಳು ಹೊರಟ ವಾರ, ನಮ್ಮ ದಂಡೆಗೆ ಒಂದು ಆಲಿವ್ ರಿಡ್ಲೆ ಆಮೆ ಬಂದು ಬಿದ್ದಿತ್ತು. ನಾಲ್ಕು ಜನ ಹುಡುಗರು ಹೊತ್ತು ನೀರಿಗೆ ಬಿಟ್ಟೆವು. ಅಲೆ ವಾಪಸ್ ತಂದು ಹಾಕಿತು. ಮತ್ತೆ ಬಿಟ್ಟೆವು. ಮೂರನೇ ಸಲ ಎದೆಮಟ್ಟ ನೀರಿನವರೆಗೂ ಹೋಗಿ ತಳ್ಳಿ ಬಂದೆವು, ಚಪ್ಪಾಳೆಯೂ ಬಿತ್ತು. ಸಂಜೆ ಅದೇ ಆಮೆ ಸತ್ತು ಬಂತು.

ಆಮೆ ಉಸಿರಾಡೋದು ಶ್ವಾಸಕೋಶದಿಂದ. ಬಲೆಯೊಳಗೆ ತುಂಬಾ ಹೊತ್ತು ಸಿಕ್ಕಿಕೊಂಡರೆ ನೀರು ಕುಡಿದು ಮೂರ್ಛೆ ಹೋಗುತ್ತದೆ, ಸತ್ತ ಹಾಗೇ ಕಾಣುತ್ತದೆ. ಆ ಸ್ಥಿತಿಯಲ್ಲಿ ನೀರಿಗೆ ಹಾಕಿದರೆ ಮುಳುಗಿಯೇ ಸಾಯುತ್ತದೆ. ನನ್ನ ಮಾವ ಟ್ರಾಲರ್‌ನಲ್ಲಿ ದುಡಿದವರು, ಈ ಕಥೆ ಕೇಳಿ 'ಕಾಸವ ನೀರಿನದ್ದು ಅಂತ ನೀರಿಗೇ ಹಾಕೂದಾ?' ಅಂತ ಉಗಿದರು. ಕಾಸವ ಅಂದರೆ ಆಮೆ. ಬಲೆಯಲ್ಲಿ ಬಂದ ಆಮೆಯನ್ನು ಅವರು ಹಗ್ಗದ ಸುರುಳಿ ಮೇಲೆ ಹಿಂಭಾಗ ಎತ್ತರ ಬರುವ ಹಾಗೆ, ಹೊಟ್ಟೆ ಕೆಳಗೆ ಮಾಡಿ ಮಲಗಿಸುತ್ತಿದ್ದರಂತೆ. ಆಮೇಲೆ ಓದಿದರೆ ತಜ್ಞರು ಹೇಳೋದೂ ಅದನ್ನೇ: ಹಿಂಭಾಗ 15 ಸೆಂಟಿಮೀಟರ್‌ನಷ್ಟಾದರೂ ಎತ್ತರ, ನೆರಳು, ಮೈಮೇಲೆ ಒದ್ದೆ ಬಟ್ಟೆ, ಮೂಗಿನ ಮೇಲೆ ಬೇಡ. ಕನಿಷ್ಠ 4 ಗಂಟೆ, ಬೇಕಾದರೆ 24 ಗಂಟೆಯವರೆಗೂ ಕಾಯಬೇಕು. ಅಂಗಾತ ಮಲಗಿಸಬಾರದು, ಎದೆ ಒತ್ತಬಾರದು.

ಬಲೆ ಕಾಲಿಗೆ ಬಿಗಿದು ಗಾಯವಾಗಿದ್ದರೆ ಸಡಿಲ ಇರುವ ಬಲೆಯನ್ನಷ್ಟೇ ಕತ್ತರಿಸಿ, ಮಾಂಸದೊಳಗೆ ಇಳಿದದ್ದನ್ನು ಎಳೆಯಬೇಡಿ, ಅದು ಡಾಕ್ಟರ ಕೆಲಸ. ಒಂದು ಕಾಲು ಹೋದ ಆಮೆಯೂ ಬದುಕಬಲ್ಲದು. ಮಹಾರಾಷ್ಟ್ರದ ಡಹಾಣುವಿನಲ್ಲಿ ಕಡಲಾಮೆಗಳಿಗೆ ಅಂತಲೇ ಚಿಕಿತ್ಸಾ ಕೇಂದ್ರ ಇದೆ. ಅಂಥ ಕಡೆ ನಡೆಯೋದೂ ಸೀಲ್ ಆಸ್ಪತ್ರೆಯ ಥರವೇ, ದ್ರವ, ಗಾಯಕ್ಕೆ ಔಷಧಿ, ಮೀನು, ತಿಂಗಳುಗಟ್ಟಲೆ ಕಾಯೋದು. ನೀರಲ್ಲಿ ಬಿಟ್ಟರೆ ಮುಳುಗಲಾಗದೆ ಬೆಂಡಿನ ಹಾಗೆ ತೇಲುವ ಆಮೆಗಳೂ ಬರುತ್ತವೆ, ಒಳಗೆ ಗಾಳಿ ತುಂಬಿರುತ್ತದೆ. ಅಂಥವು ಮುಳುಗಿ ಈಜುವವರೆಗೂ ಬಿಡುವ ಮಾತೇ ಇಲ್ಲ.

ಆಮೆ ಮರಿಗಳ ವಿಷಯ ಬೇರೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ದೇವಬಾಗ, ಮಾಜಾಳಿ, ಆ ಕಡೆ ಹೊನ್ನಾವರದ ಕಾಸರಕೋಡ ಟೊಂಕದಲ್ಲಿ ಆಮೆ ಮೊಟ್ಟೆ ಇಡುತ್ತದೆ, ಒಂದು ಗೂಡಿಗೆ ಸುಮಾರು 100. ಒಂದೂವರೆ ಎರಡು ತಿಂಗಳಿಗೆ ಒಡೆಯುತ್ತವೆ. ಅಂಗೈಗಿಂತ ಚಿಕ್ಕ ಮರಿಗಳು. ಅವನ್ನೂ ಎತ್ತಿಕೊಂಡು ಹೋಗಿ ನೀರಿಗೆ ಬಿಡಬೇಡಿ, ಬಕೆಟ್‌ನಲ್ಲಿಟ್ಟು ಮಕ್ಕಳಿಗೆ ತೋರಿಸಬೇಡಿ. ತಾವೇ ಮರಳಲ್ಲಿ ನಡೆದು ಹೋಗಲಿ. ಮೊಬೈಲ್ ಟಾರ್ಚ್ ಆರಿಸಿ, ಇಲ್ಲದಿದ್ದರೆ ಅವು ನಿಮ್ಮ ಕಡೆಗೇ ತಿರುಗುತ್ತವೆ.

ಸರಿ, ನಾಳೆ ಬೆಳಿಗ್ಗೆ ನಿಮಗೇ ದಂಡೆಗೆ ಬಿದ್ದ ಒಂದು ಆಮೆ ಕಂಡಿತು ಅನ್ನಿ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ, ಜಾಗ ಸರಿಯಾಗಿ ಹೇಳಿ. ಅವರು ಬರುವವರೆಗೆ ನೆರಳು ಮಾಡಿ, ಸೆಲ್ಫಿಯವರನ್ನು ದೂರ ಇಡಿ. ಮನೆಗೆ ತಂದು ತೊಟ್ಟಿಯಲ್ಲಿ ಇಡುವ ಯೋಚನೆ ಬೇಡ, 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿ ಅದು. ಸತ್ತಿದ್ದರೂ ತಿಳಿಸಿ. ಮತ್ತೆ ಕೈಯಲ್ಲಿ ಒಂದು ಕೋಲಿರಲಿ, ಆಮೆಗಲ್ಲ, ನಮ್ಮ ದಂಡೆಯ ನಾಯಿಗಳಿಗೆ.