ಕೊಡಗಿನ ಮನೆ ಅಡುಗೆ ಬಿಡದೆ ಊಟದ ಪ್ರಮಾಣ ಇಳಿಸುವುದು ಹೇಗೆ?

ಮದುವೆಯಾಗಿ ವಿರಾಜಪೇಟೆ ಕಡೆಗೆ ಬಂದಿದ್ದೀರಿ, ಹೊರಗಡೆ ತಿನ್ನುವುದು ಅಪರೂಪ, ಆದರೂ ತೂಕ ಏರುತ್ತಿದೆ. ರೊಟ್ಟಿ, ಕಡುಬು ಬಿಟ್ಟುಬಿಡಬೇಕಾ, ತೂಕದ ಯಂತ್ರ ತಂದು ಅಳೆದು ತಿನ್ನಬೇಕಾ ಅಂತ ಕೇಳಿದ್ದೀರಿ. ಎರಡೂ ಬೇಡ. ನಾನೂ ಇಲ್ಲೇ, ತುಂಬಿದ ಮನೆಗೆ ದಿನಾ ಅಡುಗೆ ಮಾಡುವವಳು. ಊಟ ಎಷ್ಟಾಗಬೇಕು ಅನ್ನುವುದು ಡಬ್ಬದಿಂದ ಅಕ್ಕಿ ತೆಗೆಯುವಾಗಲೇ ತೀರ್ಮಾನವಾಗುತ್ತದೆ. ಒಮ್ಮೆ ಬೇಯಿಸಿದ ಮೇಲೆ ಅದು ಹೇಗಾದರೂ ಯಾರದ್ದಾದರೂ ಹೊಟ್ಟೆ ಸೇರುತ್ತದೆ. ಹೆಚ್ಚಿನ ಮನೆಗಳಲ್ಲಿ ಅದು ಅಡುಗೆ ಮಾಡಿದವಳ ಹೊಟ್ಟೆ.

ಮೊದಲು ನಮ್ಮ ಒಂದು ದಿನದ ಊಟ ನೋಡಿ. ಬೆಳಿಗ್ಗೆ ಅಕ್ಕಿ ರೊಟ್ಟಿ, ಇಲ್ಲದಿದ್ದರೆ ಶ್ಯಾವಿಗೆಯ ಹಾಗಿರುವ ನೂಲ್‌ಪುಟ್ಟು ಅಥವಾ ಅಕ್ಕಿ ತರಿಯನ್ನು ಹಬೆಯಲ್ಲಿ ಬೇಯಿಸಿದ ಪಾಪುಟ್ಟು. ಮಧ್ಯಾಹ್ನ ಅನ್ನ. ರಾತ್ರಿ ಮತ್ತೆ ಅನ್ನ, ನೆಂಟರಿದ್ದರೆ ಕಡುಬು. ಹೆಸರು ಬೇರೆ ಬೇರೆ, ಒಳಗಿರುವುದೆಲ್ಲ ಅಕ್ಕಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಸೂಚಿಯಲ್ಲಿ, 2,000 ಕ್ಯಾಲರಿಯ ದಿನದ ಊಟಕ್ಕೆ ಧಾನ್ಯ ಸುಮಾರು 250 ಗ್ರಾಂ ಅಂತಿದೆ. ಅಕ್ಕಿ, ಗೋಧಿ, ರಾಗಿ ಎಲ್ಲ ಸೇರಿ, ಬೇಯಿಸುವ ಮೊದಲಿನ ತೂಕ ಅದು. ದಪ್ಪಗೆ ತಟ್ಟಿದ ಮೂರು ರೊಟ್ಟಿಗೆ 150 ಗ್ರಾಂ ಅಕ್ಕಿ ಹೋಯಿತು ಅಂದುಕೊಳ್ಳಿ. ಎರಡು ಹೊತ್ತಿನ ಅನ್ನಕ್ಕೆ ನೂರು ನೂರು ಗ್ರಾಂ. ಆಗಲೇ 350 ಆಯಿತು. ಹೆಚ್ಚಾದ ಆ ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕ್ಯಾಲರಿ ಇರುತ್ತದೆ. ಹೊರಗಡೆ ಏನೂ ತಿನ್ನದೆ ತೂಕ ಏರಲು ಇಷ್ಟೇ ಸಾಕು.

ಯಂತ್ರ ಕೊಳ್ಳಬೇಡಿ. ಮುಂದಿನ ಸಲ ಅಂಗಡಿಗೆ ಹೋಗುವಾಗ ಅಕ್ಕಿ ಅಳೆಯುವ ನಿಮ್ಮ ಮನೆ ಲೋಟವನ್ನೇ ಒಯ್ಯಿರಿ. ಅಕ್ಕಿ ಮಟ್ಟಸವಾಗಿ ತುಂಬಿಸಿ, ಎಷ್ಟು ಗ್ರಾಂ ಬರುತ್ತದೆ ಅಂತ ತೂಗಿಸಿ. ಒಂದು ಸಲ ಗೊತ್ತಾದರೆ ಆಮೇಲೆ ಆ ಲೋಟವೇ ಸಾಕು. ಕೈಯಳತೆಯಲ್ಲಿ ಹಾಕುವುದನ್ನು, ‘ಯಾರಾದರೂ ಬಂದರೆ ಇರಲಿ’ ಅಂತ ಮೇಲೊಂದು ಹಿಡಿ ಸೇರಿಸುವುದನ್ನು ಬಿಡಿ. ಯಾರಾದರೂ ಬಂದರೆ ಅರ್ಧ ಗಂಟೆಯಲ್ಲಿ ಇನ್ನೊಂದು ಕುಕ್ಕರ್ ಇಡಬಹುದು.

ರೊಟ್ಟಿಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ನಾವು ಹಿಟ್ಟಿನ ಜೊತೆ ಅನ್ನವನ್ನೂ ಹಾಕಿ ನಾದುತ್ತೇವೆ ಅಲ್ವಾ? ಅದಕ್ಕೇ ಅದು ಅಷ್ಟು ಮೆತ್ತಗಿರುತ್ತದೆ, ಎಷ್ಟು ತಿಂದೆವು ಅನ್ನುವುದೂ ಗೊತ್ತಾಗುವುದಿಲ್ಲ. ಹಿಟ್ಟು ನಾದಿದ ತಕ್ಷಣ ಎಲ್ಲ ಉಂಡೆಗಳನ್ನೂ ಒಟ್ಟಿಗೇ ಮಾಡಿಟ್ಟುಕೊಳ್ಳಿ. ದೊಡ್ಡ ನಿಂಬೆಹಣ್ಣಿನ ಗಾತ್ರ ಸಾಕು. ತೆಳ್ಳಗೆ ತಟ್ಟಿದರೆ ಕೆಂಡದ ಮೇಲೂ ಗ್ಯಾಸಿನ ಮೇಲೂ ಚೆನ್ನಾಗಿ ಉಬ್ಬುತ್ತದೆ, ತಟ್ಟೆ ತುಂಬ ಕಾಣುತ್ತದೆ. ತಲೆಗೆ ಎರಡು ಅಂತ ಮೊದಲೇ ಎಣಿಸಿ ಇಟ್ಟಿದ್ದರೆ ಹಿಟ್ಟು ಅಲ್ಲಿಗೇ ಮುಗಿಯುತ್ತದೆ. ಒಂದೊಂದೇ ಉಂಡೆ ಮಾಡಿ ಬಿಸಿಬಿಸಿಯಾಗಿ ಬಡಿಸುತ್ತಾ ಹೋದರೆ ಯಾರಿಗೂ ಲೆಕ್ಕ ಸಿಗುವುದಿಲ್ಲ. ಕಡುಬನ್ನೂ ಚಿಕ್ಕದಾಗಿ ಕಟ್ಟಿ. ಜನ ಕಡುಬು ತಿನ್ನುವುದು ಲೆಕ್ಕ ಇಟ್ಟೇ. ‘ನಾಲ್ಕು ತಿಂದೆ’ ಅನ್ನುವ ತೃಪ್ತಿ ಚಿಕ್ಕ ಕಡುಬಿನಲ್ಲೂ ಸಿಗುತ್ತದೆ.

ಇನ್ನು ಉಳಿದ ಅನ್ನ. ಪಾತ್ರೆಯ ತಳದಲ್ಲಿ ಎರಡು ತುತ್ತು ಉಳಿದರೆ ‘ಚೆಲ್ಲಬಾರದು’ ಅಂತ ನಾವೇ ತಿಂದು ಮುಗಿಸುತ್ತೇವೆ. ಹೆಂಗಸರ ತೂಕ ಏರುವುದು ಬಹಳ ಮಟ್ಟಿಗೆ ಇದರಿಂದಲೇ ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ. ಕೊಡಗಿನಲ್ಲಿ ಅನ್ನ ದಂಡವಾಗುವ ಮಾತೇ ಇಲ್ಲ, ನಾಳೆಯ ರೊಟ್ಟಿಗೆ ಬೇಕೇ ಬೇಕು. ಆರಿದ ಕೂಡಲೇ ಮುಚ್ಚಿ ಫ್ರಿಜ್ಜಿನಲ್ಲಿಡಿ. ರಾತ್ರಿಯಿಡೀ ಹೊರಗೆ ಬಿಟ್ಟ ಅನ್ನ ಹೊಟ್ಟೆ ಕೆಡಿಸಬಹುದು.

ಅಕ್ಕಿ ಇಳಿಸಿದ ಜಾಗಕ್ಕೆ ಏನಾದರೂ ಬರಬೇಕು, ಇಲ್ಲದಿದ್ದರೆ ಹನ್ನೊಂದು ಗಂಟೆಗೇ ಹಸಿವಾಗಿ ಬಿಸ್ಕತ್ತಿನ ಡಬ್ಬಕ್ಕೆ ಕೈ ಹೋಗುತ್ತದೆ. ತರಕಾರಿ, ಸೊಪ್ಪು ಅರ್ಧ ತಟ್ಟೆ ಇರಲಿ. ಮಳೆಗಾಲದಲ್ಲಿ ಕೆಸದ ಸೊಪ್ಪು, ಅಣಬೆ, ಚೆನ್ನಾಗಿ ನೆನೆಸಿ ನೀರು ಬದಲಿಸಿದ ಕಣಿಲೆ (ಎಳೆ ಬಿದಿರು) ಇರುತ್ತವೆ. ಬೇರೆ ದಿನಗಳಲ್ಲಿ ಸೀಮೆಬದನೆ, ಬೀನ್ಸ್, ಕುಂಬಳ. ಪಲ್ಯದ ಪಾತ್ರೆ ಮೇಜಿನ ಮೇಲಿರಲಿ, ಯಾರು ಎಷ್ಟು ಬೇಕಾದರೂ ಹಾಕಿಕೊಳ್ಳಲಿ. ಅನ್ನದ ಪಾತ್ರೆ ಅಡುಗೆಮನೆಯಲ್ಲೇ ಇರಲಿ. ಬೇಕೆಂದವರು ಎದ್ದು ಹೋಗಿ ತರಬೇಕು. ಹೊಟ್ಟೆ ತುಂಬಿದ್ದು ತಿಳಿಯಲು ಸುಮಾರು ಇಪ್ಪತ್ತು ನಿಮಿಷ ಬೇಕು, ಅಷ್ಟು ಹೊತ್ತಾದರೂ ಕೂತು ನಿಧಾನವಾಗಿ ತಿನ್ನಿ.

ಪಂದಿ ಕರಿ, ಅಂದರೆ ನಮ್ಮ ಹಂದಿ ಮಾಂಸದ ಅಡುಗೆ, ಬಿಡಿ ಅಂತ ಯಾರಾದರೂ ಹೇಳಿದರೆ ನಾನಂತೂ ಒಪ್ಪುವುದಿಲ್ಲ. ಆದರೆ ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲರಿ, ಪಿಷ್ಟದಲ್ಲಿ 4. ಅದಕ್ಕೇ ಪಂದಿ ಕರಿಯನ್ನು ಹಿಂದಿನ ದಿನವೇ ಮಾಡಿ, ಆರಿಸಿ, ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಮೇಲೆ ಬೆಳ್ಳಗೆ ಕೊಬ್ಬು ಹೆಪ್ಪುಗಟ್ಟಿರುತ್ತದೆ. ಚಮಚದ ತುದಿಯಿಂದ ಅಂಚು ಬಿಡಿಸಿದರೆ ಹಾಳೆಯ ಹಾಗೆ ಎದ್ದು ಬರುತ್ತದೆ. ಕೆಳಗಿನ ಕಪ್ಪು ಮಸಾಲೆ, ಕಾಚಂಪುಳಿಯ (ಹಣ್ಣಿನ ರಸ ಕಾಯಿಸಿ ಮಾಡುವ ಕಪ್ಪು ಹುಳಿ) ರುಚಿ ಎಲ್ಲ ಹಾಗೇ ಇರುತ್ತದೆ, ಮಾರನೇ ದಿನಕ್ಕೆ ರುಚಿ ಇನ್ನೂ ಕೂಡಿರುತ್ತದೆ. ಎಣ್ಣೆಗೆ ತಿಂಗಳ ಲೆಕ್ಕ ಸುಲಭ. ಅದೇ ಸೂಚಿಯಲ್ಲಿ ದಿನಕ್ಕೆ ಎಣ್ಣೆ, ತುಪ್ಪ ಸೇರಿ 27 ಗ್ರಾಂ ಇದೆ. ಅಂದರೆ ಒಬ್ಬರಿಗೆ ತಿಂಗಳಿಗೆ ಒಂದು ಲೀಟರಿಗೂ ಸ್ವಲ್ಪ ಕಡಿಮೆ. ನಿಮ್ಮ ಮನೆಗೆ ತಿಂಗಳಿಗೆ ಎಷ್ಟು ಪ್ಯಾಕೆಟ್ ಬರುತ್ತದೆ ಅಂತ ಎಣಿಸಿ ನೋಡಿ.

ಕಾಫಿಯನ್ನೂ ಮರೆಯಬೇಡಿ. ದಿನಕ್ಕೆ ನಾಲ್ಕು ಲೋಟ, ಒಂದೊಂದಕ್ಕೆ ಎರಡು ಚಿಕ್ಕ ಚಮಚ ಸಕ್ಕರೆ ಅಂದರೆ 32 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅನ್ನುತ್ತದೆ. ಬೆಲ್ಲದ ಕಾಫಿಗೂ ಇದೇ ಲೆಕ್ಕ.

ಮನೆಯವರ ವಿಷಯ. ಇಲ್ಲಿ ಪ್ರೀತಿ ತೋರಿಸುವುದೇ ಬಡಿಸುವುದರಲ್ಲಿ. ಅತ್ತೆ ‘ಇನ್ನೊಂದು ಹಾಕ್ಕೋ ಮಗಳೇ’ ಅಂದಾಗ ಬೇಡ ಅಂದರೆ ಅವರಿಗೆ ಬೇಜಾರು. ಅದಕ್ಕೆ ಮೊದಲು ಅರ್ಧವೇ ಹಾಕಿಸಿಕೊಳ್ಳಿ, ಅವರು ಒತ್ತಾಯ ಮಾಡಿದಾಗ ಉಳಿದರ್ಧ ತಗೊಳ್ಳಿ. ಅವರಿಗೂ ಸಮಾಧಾನ, ನಿಮ್ಮ ಲೆಕ್ಕವೂ ತಪ್ಪುವುದಿಲ್ಲ. ಮಾವನೋ ಗಂಡನೋ ದಿನವಿಡೀ ತೋಟದ ಇಳಿಜಾರು ಹತ್ತಿ ಇಳಿಯುವವರಾದರೆ ಅವರಿಗೆ ನಿಮಗಿಂತ ಜಾಸ್ತಿ ಅನ್ನ ಬೇಕು, ಕಾಫಿ ಕೊಯ್ಲಿನ ತಿಂಗಳುಗಳಲ್ಲಂತೂ ಖಂಡಿತ. ಬೆಳೆಯುವ ಮಕ್ಕಳ ತಟ್ಟೆಗೂ ಕೈ ಹಾಕಬೇಡಿ. ಕೈಲ್ ಪೊಳ್ದು, ಪುತ್ತರಿ ಹಬ್ಬದ ದಿನ ಲೋಟ ಬದಿಗಿಟ್ಟು ಎಲ್ಲರ ಜೊತೆ ಉಣ್ಣಿ, ಮಾರನೇ ಬೆಳಿಗ್ಗೆ ಮತ್ತೆ ಅದೇ ಲೋಟ.

ಮನೆಯಲ್ಲಿ ಯಾರಾದರೂ ಸಕ್ಕರೆ ಕಾಯಿಲೆಗೆ ಮಾತ್ರೆಯೋ ಇನ್ಸುಲಿನ್ನೋ ತಗೊಳ್ಳುತ್ತಿದ್ದರೆ, ಡಾಕ್ಟರನ್ನು ಕೇಳದೆ ಅವರ ಅನ್ನ ಇಳಿಸಬೇಡಿ. ಸಕ್ಕರೆ ಮಟ್ಟ ಏಕಾಏಕಿ ಕುಸಿಯಬಹುದು. ನೀವು ವಾರಕ್ಕೊಮ್ಮೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತೂಕ ನೋಡಿಕೊಳ್ಳಿ. ಎರಡು ತಿಂಗಳು ಹೀಗೆ ಅಳತೆಯಲ್ಲಿ ಉಂಡೂ ತೂಕ ಏರುತ್ತಲೇ ಇದ್ದರೆ, ಅದರ ಜೊತೆ ಸುಸ್ತು, ಮುಟ್ಟಿನ ಏರುಪೇರು ಇದ್ದರೆ, ಊಟ ಇನ್ನೂ ಇಳಿಸಬೇಡಿ. ಡಾಕ್ಟರ ಹತ್ತಿರ ಹೋಗಿ ಥೈರಾಯ್ಡ್ ಪರೀಕ್ಷೆ ಮಾಡಿಸಿ.