ಹಳೇ ತನ್ಸುವಿಗೆ ವಾರ್ನಿಶ್ ಹೊಡೆಯಬಹುದೇ?

ಪ್ರಶ್ನೆ: ನಾವು ಜಪಾನಿನ ಯೊಕೊಹಾಮದಲ್ಲಿ ಇದ್ದೇವೆ. ಹಳೇ ಸಾಮಾನಿನ ಸಂತೆಯಲ್ಲಿ ಒಂದು ತನ್ಸು, ಅಂದರೆ ಬಟ್ಟೆ ಇಡುವ ಡ್ರಾಯರ್ ಪೆಟ್ಟಿಗೆ ಕೊಂಡೆವು. ಮೇಜಿ ಕಾಲದ್ದು ಅಂದರು. ಮುಂಭಾಗದ ಕೆಂಪು-ಕಂದು ಹೊಳಪು ಮಂಕಾಗಿದೆ, ಮೇಲುಗಡೆ ಬಿಳಿಚಿಕೊಂಡಿದೆ, ಕಬ್ಬಿಣದ ಪಟ್ಟಿಗಳು ಕಪ್ಪಗಿವೆ. ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿ ವಾರ್ನಿಶ್ ಹೊಡೆಯೋಣ ಅಂತಾರೆ ನಮ್ಮ ಮನೆಯವರು. ಸರಿಯೇ?

ಉತ್ತರ: ದಯವಿಟ್ಟು ಬೇಡಮ್ಮಾ. ಮೇಜಿ ಕಾಲ ಅಂದರೆ 1868ರಿಂದ 1912. ಆಗಿನ ಆ ಹೊಳಪು ಬಹುಮಟ್ಟಿಗೆ ಉರುಶಿಯದ್ದು. ಉರುಶಿ ಮರದ ಸೊನೆ ಅದು. ಒಮ್ಮೆ ಉಜ್ಜಿ ತೆಗೆದರೆ ಹೋಯಿತು, ವಾರ್ನಿಶ್ ಅದರ ಜಾಗ ತುಂಬುವುದಿಲ್ಲ.

ಮೊದಲು ಒಂದು ಕೆಲಸ ಮಾಡಿ. ಡ್ರಾಯರ್‌ನ ಇಳಿಬಿದ್ದ ಕಬ್ಬಿಣದ ಹಿಡಿಕೆಯನ್ನು ಮೇಲಕ್ಕೆತ್ತಿ, ಅದರ ಹಿಂದಿನ ಮರ ನೋಡಿ. ಬೆಳಕು ಅಷ್ಟಾಗಿ ಬೀಳದ ಜಾಗ ಅದು. ಅಲ್ಲಿ ಬಣ್ಣ ಗಾಢವಾಗಿದ್ದರೆ ನಿಮ್ಮ ಪೆಟ್ಟಿಗೆಯ ಹಳೇ ಮೈಬಣ್ಣ ಅದೇ. ಅಲ್ಲೇ ಒಂದು ಮೂಲೆಯಲ್ಲಿ, ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಹತ್ತಿಯನ್ನು ಮೆಲ್ಲಗೆ ಒತ್ತಿ. ಹತ್ತಿಗೆ ಬರೀ ಕೊಳೆ ಅಂಟಿದರೆ ಮುಂಭಾಗವನ್ನು ಹೀಗೇ ಚೂರು ಚೂರಾಗಿ ಒರೆಸಿ, ಆಗಿಂದಾಗಲೇ ಒಣಬಟ್ಟೆಯಿಂದ ಆರಿಸಿ. ಬಣ್ಣವೇ ಬಂದರೆ ಅಲ್ಲಿಗೆ ನಿಲ್ಲಿಸಿ. ಮಂಕು ಎಷ್ಟೋ ಸಲ ಬರೀ ಕೊಳೆಯೇ ಆಗಿರುತ್ತದೆ.

ಮೇಲುಗಡೆಯ ಬಿಳಿಚು ಬೇರೆ ಕಥೆ. ಬಿಸಿಲು ಉರುಶಿಯನ್ನು ಒಡೆಯುತ್ತದೆ. ಹಾಗೆ ಸೊರಗಿದ ಮೈಗೆ ನೀರು ಕೂಡ ಆಗಿಬರುವುದಿಲ್ಲ. ಮೆತ್ತನೆ ಬ್ರಷ್‌ನಿಂದ ಧೂಳು ಕೊಡವಿ ಸಾಕು. ಪೆಟ್ಟಿಗೆಯನ್ನು ಕಿಟಕಿಯಿಂದಲೂ ಹೀಟರ್‌ನಿಂದಲೂ ದೂರ ಇಡಿ. ನಿಮ್ಮ ಕಡೆ ಚಳಿಗಾಲದ ಗಾಳಿ ತೀರಾ ಒಣ, ಅಲ್ವಾ? ಮರ ಬಿರಿಯುತ್ತದೆ.

ಹೊಸ ಉರುಶಿ ನೀವೇ ಹಚ್ಚುವ ಆಸೆ ಬೇಡ. ಅದು ನಮ್ಮ ಮಾವು, ಗೇರಿನ ಕುಟುಂಬದ ಮರ. ಮಾವಿನ ಸೊನೆ ತಾಗಿ ತುಟಿ ಸುಟ್ಟ ನೆನಪಿದ್ದರೆ ಗೊತ್ತಾಗುತ್ತದೆ. ಇದು ಅದಕ್ಕಿಂತ ಜಾಸ್ತಿ, ಮೈಯೆಲ್ಲ ಬೊಬ್ಬೆ ಬರಿಸಬಲ್ಲದು. ಮೇಲಾಗಿ ಇದು ಗಟ್ಟಿಯಾಗಲು ಗಾಳಿಯಲ್ಲಿ ತೇವ ಬೇಕು, ಸುಮಾರು 70ರಿಂದ 80 ಶೇಕಡಾ. ಅದಕ್ಕೆಂದೇ ಕುಶಲಕರ್ಮಿಗಳು ತೇವದ ಕಪಾಟು ಇಟ್ಟುಕೊಂಡಿರುತ್ತಾರೆ. ಹಚ್ಚಿ, ಬಟ್ಟೆಯಲ್ಲಿ ಒರೆಸಿ, ಗಟ್ಟಿಯಾಗಲು ಬಿಟ್ಟು, ಮತ್ತೆ ಹಚ್ಚುತ್ತಾರೆ. ತೆಳ್ಳನೆ ಪದರಗಳ ಮೇಲೆ ಪದರ.

ಕಬ್ಬಿಣದ ಕಪ್ಪು ತುಕ್ಕಲ್ಲ, ಬೇಕೆಂದೇ ಮಾಡಿದ್ದು. ಬೆಳ್ಳಗೆ ತಿಕ್ಕಬೇಡಿ. ಕೆಂಪು ತುಕ್ಕು ಕಂಡರೆ ಒಣ ಬ್ರಷ್ ಮಾತ್ರ. ಒಳಗಿನ ಡ್ರಾಯರ್‌ಗಳು ಸಾಮಾನ್ಯವಾಗಿ ಕಿರಿ ಎಂಬ ಹಗುರ ಮರದವು, ಬಣ್ಣವಿಲ್ಲದೆ ಬಿಟ್ಟಿರುತ್ತಾರೆ. ಒಳ್ಳೆ ಕೆಲಸದ ಪೆಟ್ಟಿಗೆಯಲ್ಲಿ ಒಂದು ಡ್ರಾಯರ್ ಒತ್ತಿದರೆ ಗಾಳಿಗೆ ಇನ್ನೊಂದು ಈಚೆ ಬರುತ್ತದೆ. ಅಷ್ಟು ಬಿಗಿ ಜೋಡಣೆ! ಅಲ್ಲಿ ಎಣ್ಣೆ, ಪಾಲಿಶ್ ಏನೂ ಬೇಡ.

ನೀವು ಜಪಾನಿನಲ್ಲೇ ಇರುವುದು ಅದೃಷ್ಟ. ಉರುಶಿ ಕೆಲಸದವರೊಬ್ಬರನ್ನು ಹುಡುಕಿ ಕರೆಸಿ. ಅವರಿಗೂ ಆ ಹಿಡಿಕೆ ಎತ್ತಿ ತೋರಿಸಿ, ಬಣ್ಣ ಹೊಂದಿಸಲು ಅದೇ ಮಾದರಿ.