ಮಕ್ಕಳ ಇಎನ್‌ಟಿ ಸಮ್ಮೇಳನದಲ್ಲಿ ಯಾರ ಉಪನ್ಯಾಸಕ್ಕೆ ಕೂರಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಎಂ.ಎಸ್. ಸ್ನಾತಕೋತ್ತರ ಓದಿನ ಎರಡನೆಯ ವರ್ಷದಲ್ಲಿದ್ದೀರಿ, ಮೊದಲ ಸಲ ಮಕ್ಕಳ ಕಿವಿ-ಮೂಗು-ಗಂಟಲು ಸಮ್ಮೇಳನಕ್ಕೆ ಹೊರಟಿದ್ದೀರಿ, ಒಂದೇ ಹೊತ್ತಿಗೆ ಮೂರು ಸಭಾಂಗಣಗಳಲ್ಲಿ ಉಪನ್ಯಾಸ. ವಿದೇಶದಿಂದ ಬರುವ ದೊಡ್ಡ ಹೆಸರುಗಳ ಬೆನ್ನು ಹತ್ತಬೇಕೇ ಎಂದು ಕೇಳಿದ್ದೀರಿ.

ನಾನು ಉತ್ತರ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದಲ್ಲಿ ಹದಿನೈದು ವರ್ಷಗಳಿಂದ ಇಎನ್‌ಟಿ ವೈದ್ಯ. ಇಂಥ ಸಮ್ಮೇಳನಗಳಲ್ಲಿ ಎ.ಸಿ. ತಂಪಿಗೆ ಹಾಯಾಗಿ ನಿದ್ದೆ ಮಾಡಿದ್ದೂ ಉಂಟು, ಚಹಾ ಅರ್ಧಕ್ಕೇ ಬಿಟ್ಟು ಓಡಿ ಮುಂದಿನ ಸಾಲು ಹಿಡಿದದ್ದೂ ಉಂಟು. ನನ್ನ ಲೆಕ್ಕ ಸರಳ: ತನ್ನ ಕೈಯಲ್ಲೇ ಕೆಟ್ಟ ಪ್ರಕರಣವನ್ನು ತೆರೆಯ ಮೇಲೆ ಹಾಕುವವರು ಸಿಕ್ಕರೆ ಅಲ್ಲಿಂದ ಏಳಬೇಡಿ. ಇಪ್ಪತ್ತು ನಿಮಿಷವೂ ಯಶಸ್ಸಿನ ವಿಡಿಯೋಗಳನ್ನೇ ತೋರಿಸುವವರು ಎಷ್ಟೇ ದೊಡ್ಡವರಾಗಿರಲಿ, ಅದು ಮದುವೆಯ ಆಲ್ಬಮ್ ನೋಡಿದ ಹಾಗೆ. ಉಪಕರಣದ ಕಂಪನಿಯೊಂದಿಗಿನ ನಂಟನ್ನು ಹೇಳುವ ಸ್ಲೈಡ್ ಕಣ್ಣು ಮಿಟುಕಿಸುವಷ್ಟರಲ್ಲಿ ಹಾರಿಹೋದರೆ ನಾನು ಪೆನ್ನು ಜೇಬಿಗಿಡುತ್ತೇನೆ.

ದೊಡ್ಡ ಹೆಸರುಗಳನ್ನು ಬಿಟ್ಟುಬಿಡಿ ಎನ್ನುತ್ತಿಲ್ಲ. ಶ್ವಾಸಮಾರ್ಗದ ವಿಷಯಕ್ಕೆ ಖಂಡಿತ ಹೋಗಿ. ಅವಧಿಗೆ ಮುನ್ನ ಹುಟ್ಟಿ, ವಾರಗಟ್ಟಲೆ ವೆಂಟಿಲೇಟರ್ ಕೊಳವೆಯಲ್ಲಿದ್ದ ಮಗುವಿಗೆ ಧ್ವನಿತಂತುಗಳ ಕೆಳಭಾಗ ಕಿರಿದಾಗಿಬಿಡುತ್ತದೆ. ಪಕ್ಕೆಲುಬಿನ ಮೃದ್ವಸ್ಥಿಯ ತುಂಡಿಟ್ಟು ಅದನ್ನು ಅಗಲಿಸುವ ಶಸ್ತ್ರಕ್ರಿಯೆಯನ್ನು ಬೆಳೆಸಿದವರಲ್ಲಿ ಅಮೆರಿಕದ ಸಿನ್ಸಿನಾಟಿಯ ರಾಬಿನ್ ಕಾಟನ್ ಮುಖ್ಯರು. ದಾರಿ ಎಷ್ಟು ಕಿರಿದಾಗಿದೆ ಎಂದು ನೀವು ಕೇಸ್ ಶೀಟಿನಲ್ಲಿ ಬರೆಯುವ ಗ್ರೇಡ್ 1ರಿಂದ 4ರ ಅಳತೆ 1994ರಲ್ಲಿ ಅವರ ತಂಡ ಕೊಟ್ಟದ್ದು. ಆ ಶಸ್ತ್ರಕ್ರಿಯೆಯನ್ನು ನಾನು ನನ್ನ ಊರಿನಲ್ಲಿ ಮಾಡಲಾರೆ, ಮಾಡಲೂಬಾರದು. ಆದರೂ ಕೂರುತ್ತೇನೆ. ಉಬ್ಬಸವೆಂದು ತಿಂಗಳುಗಟ್ಟಲೆ ನೆಬ್ಯುಲೈಸರ್ ಹಿಡಿಸಿಕೊಂಡ ಮಗು ಉಸಿರು ಒಳಗೆಳೆಯುವಾಗ ಸದ್ದು ಮಾಡುತ್ತಿದೆಯೋ ಹೊರಬಿಡುವಾಗಲೋ ಎಂದು ಕಿವಿಗೊಟ್ಟು ಕೇಳುವುದನ್ನು ಕಲಿತದ್ದು ಅಂಥ ಉಪನ್ಯಾಸದಲ್ಲೇ.

ಬಟನ್ ಬ್ಯಾಟರಿಯ ಬಗ್ಗೆ ಯಾರೇ ಮಾತನಾಡಲಿ, ಬಾಗಿಲಲ್ಲಿ ನಿಂತಾದರೂ ಕೇಳಿ. 20 ಮಿಲಿಮೀಟರಿನ ಲಿಥಿಯಂ ಬಿಲ್ಲೆ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಸುಡುವುದು ಅದರಿಂದ ಸೋರುವ ದ್ರವವಲ್ಲ. ಋಣ ಧ್ರುವದ ಬಳಿ ವಿದ್ಯುತ್ತಿನಿಂದ ಉಂಟಾಗುವ ಕ್ಷಾರ. ಎರಡು ಗಂಟೆಯೊಳಗೇ ಗಾಯ ಗಂಭೀರವಾಗಬಹುದು. ಎಕ್ಸ್-ರೇಯಲ್ಲಿ ಅದು ಥೇಟ್ ನಾಣ್ಯದ ಹಾಗೆ ಕಾಣುತ್ತದೆ. ಅಂಚಿನಲ್ಲಿ ಎರಡು ಉಂಗುರ ಇದೆಯೇ, ಪಕ್ಕದಿಂದ ತೆಗೆದ ಚಿತ್ರದಲ್ಲಿ ಮೆಟ್ಟಿಲು ಕಾಣುತ್ತದೆಯೇ ಎಂದು ಹುಡುಕಬೇಕು. ಅಮೆರಿಕದ ಕೊಲಂಬಸ್ ನಗರದ ಕ್ರಿಸ್ ಜಟಾನಾ ಮತ್ತು ಫಿಲಡೆಲ್ಫಿಯಾದ ಇಯಾನ್ ಜೇಕಬ್ಸ್ ತಂಡ ಹಂದಿಮರಿಗಳ ಮೇಲೆ ಪ್ರಯೋಗ ಮಾಡಿ, ಜೇನುತುಪ್ಪ ಮತ್ತು ಹೊಟ್ಟೆಹುಣ್ಣಿಗೆ ಕೊಡುವ ಸುಕ್ರಾಲ್ಫೇಟ್ ಔಷಧಿ ಆ ಸುಡುವಿಕೆಯನ್ನು ತಗ್ಗಿಸುತ್ತವೆಂದು 2018ರಲ್ಲಿ ತೋರಿಸಿತು. ಒಂದು ವರ್ಷ ದಾಟಿದ ಮಗುವಾದರೆ, ನುಂಗಿ ಹನ್ನೆರಡು ಗಂಟೆ ಮೀರಿರದಿದ್ದರೆ, ಆಸ್ಪತ್ರೆಯ ದಾರಿಯಲ್ಲೇ ಹತ್ತು ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನು ಕೊಡಬಹುದು, ಆರು ಸಲದವರೆಗೆ. ಜೇನು ಹುಡುಕುತ್ತ ಮನೆಯಲ್ಲಿ ಕೂರುವಂತಿಲ್ಲ. ಬ್ಯಾಟರಿಯನ್ನು ತೆಗೆಯುವುದೇ ಚಿಕಿತ್ಸೆ. ಇದನ್ನು ಕೇಳಿ ಬಂದ ವಾರವೇ ನಮ್ಮ ಎಕ್ಸ್-ರೇ ತಂತ್ರಜ್ಞನನ್ನು ಕೂರಿಸಿಕೊಂಡು ಎರಡು ಉಂಗುರದ ಚಿತ್ರ ತೋರಿಸಿದೆ. ರಾತ್ರಿ ಆ ಫಿಲ್ಮನ್ನು ಮೊದಲು ನೋಡುವವನು ಅವನು, ನಾನಲ್ಲ.

ಟಾನ್ಸಿಲ್ ಉಪನ್ಯಾಸದಲ್ಲಿ ಭಾಷಣಕಾರರ ಪ್ರಾಮಾಣಿಕತೆ ಬೇಗ ತಿಳಿದುಬಿಡುತ್ತದೆ. ಗೊರಕೆ ಹೊಡೆಯುತ್ತ ನಿದ್ದೆಯಲ್ಲಿ ಉಸಿರುಕಟ್ಟುವ 5ರಿಂದ 9 ವರ್ಷದ 464 ಮಕ್ಕಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಏಳು ತಿಂಗಳ ಬಳಿಕ ಟಾನ್ಸಿಲ್ ಶಸ್ತ್ರಕ್ರಿಯೆಯಾದವರಲ್ಲಿ ಶೇ. 79 ಮಕ್ಕಳ ನಿದ್ದೆಯ ಪರೀಕ್ಷೆ ಸಹಜವಾಯಿತು. ಇದನ್ನು ಹೇಳಿ ಸ್ಲೈಡ್ ಬದಲಿಸಿದರೆ ಅರ್ಧ ಹೇಳಿದಂತೆ. ಕಾದು ನೋಡಿದ ಗುಂಪಿನಲ್ಲೂ ಶೇ. 46 ಮಕ್ಕಳು ತಾವಾಗಿಯೇ ಸರಿಹೋದರು. ಅಧ್ಯಯನ ಮುಖ್ಯವಾಗಿ ಅಳೆಯಹೊರಟಿದ್ದ ಗಮನಶಕ್ತಿಯ ಪರೀಕ್ಷೆಯಲ್ಲಿ ಎರಡೂ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ನಡವಳಿಕೆ, ಜೀವನದ ಗುಣಮಟ್ಟಗಳು ಮಾತ್ರ ಸುಧಾರಿಸಿದವು. ಎರಡನ್ನೂ ಹೇಳುವವರನ್ನು ಗುರುತು ಮಾಡಿಟ್ಟುಕೊಳ್ಳಿ, ಮುಂದಿನ ವರ್ಷವೂ ಅವರನ್ನು ಕೇಳಲು ಹೋಗಬಹುದು.

ಒಂದು ಕೆಟ್ಟ ರೂಢಿಯ ಬಗ್ಗೆ ಹೇಳಿಬಿಡುತ್ತೇನೆ. ಶ್ರವಣ ತಜ್ಞರು ವೇದಿಕೆ ಹತ್ತಿದೊಡನೆ ನಮ್ಮವರು ಕಾಫಿಗೆ ಏಳುತ್ತಾರೆ. ಹುಟ್ಟಿದ ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ಖಚಿತ ನಿರ್ಣಯ, ಆರು ತಿಂಗಳೊಳಗೆ ನೆರವು ಎಂಬ ನಿಯಮವನ್ನು ನಿಜಕ್ಕೂ ನಡೆಸುವವರು ಅವರೇ. ಮೈಸೂರಿನಲ್ಲಿ 1965ರಿಂದ ವಾಕ್ ಶ್ರವಣ ಸಂಸ್ಥೆ ಇರುವ ರಾಜ್ಯದವರಾದ ನಾವು ಹಾಗೆ ಏಳುವುದು ನನಗೆ ನಾಚಿಕೆ ತರಿಸುತ್ತದೆ. ಕಿವುಡು ಮಗುವಿನ ಒಳಕಿವಿಗೆ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಶ್ರವಣ ಸಾಧನ ಕೂರಿಸುವುದು ಕೆಲವು ಗಂಟೆಗಳ ಕೆಲಸ, ಮಗುವಿಗೆ ಮಾತು ಬರಿಸುವುದು ವರ್ಷಗಳದ್ದು.

ಇನ್ನು ಉಪನ್ಯಾಸಕ್ಕಿಂತ ಹೆಚ್ಚು ಬೆಲೆಬಾಳುವುದು ಊಟದ ಸಾಲು. ಶ್ವಾಸನಾಳದಲ್ಲಿ ಸಿಕ್ಕ ವಸ್ತುಗಳ ಬಗ್ಗೆ ಮಾತನಾಡಿದ ಹಿರಿಯರೊಬ್ಬರು, ಫಿಲಡೆಲ್ಫಿಯಾದ ಮ್ಯೂಟರ್ ವಸ್ತುಸಂಗ್ರಹಾಲಯದ ಡ್ರಾಯರ್‌ಗಳ ಚಿತ್ರದಿಂದ ಮಾತು ಶುರುಮಾಡಿದ್ದರು. ಶೆವಲಿಯರ್ ಜಾಕ್ಸನ್ ಎಂಬ ವೈದ್ಯ ರೋಗಿಗಳ ಗಂಟಲು, ಶ್ವಾಸನಾಳ, ಅನ್ನನಾಳಗಳಿಂದ ತೆಗೆದಿಟ್ಟ ಗುಂಡಿ, ಪಿನ್ನು, ಆಟಿಕೆಗಳು ಅಲ್ಲಿವೆ, ಒಟ್ಟು 2374. ನಮ್ಮಲ್ಲಿ ಅಂಥ ಡ್ರಾಯರ್ ಮಾಡಿದರೆ ಅದರ ತುಂಬ ಶೇಂಗಾ ಬೀಜವೇ ಇರುತ್ತದೆ. ಎಕ್ಸ್-ರೇಗೆ ಕಾಣುವುದಿಲ್ಲ, ಒಳಗೆ ಉಬ್ಬುತ್ತದೆ, ಹಿಡಿದರೆ ಪುಡಿಯಾಗುತ್ತದೆ. ತಟ್ಟೆ ಹಿಡಿದು ಅವರ ಹಿಂದೆ ನಿಂತು ಕೇಳಿದೆ: "ಸರ್, ಹಿಡಿದು ಮೇಲೆ ತರುವಾಗ ಧ್ವನಿತಂತುಗಳ ಕೆಳಗೆ ಜಾರಿ ಸಿಕ್ಕಿಕೊಂಡರೆ?"

ಅವರು ತಟ್ಟೆ ಕೆಳಗಿಟ್ಟರು. ಕಾಗದದ ಕರವಸ್ತ್ರವನ್ನು ಕೊಳವೆಯಂತೆ ಸುತ್ತಿ, ಪಲ್ಯದಿಂದ ಒಂದು ಬಟಾಣಿ ತೆಗೆದು ಅದರೊಳಗೆ ಸೇರಿಸಿದರು. "ಎಳೆಯಬೇಡ. ಹಿಂದಕ್ಕೆ ತಳ್ಳು. ಯಾವುದಾದರೂ ಒಂದು ಕವಲಿಗೆ ಹೋಗಲಿ, ಇನ್ನೊಂದು ಶ್ವಾಸಕೋಶದಲ್ಲಿ ಮಗು ಉಸಿರಾಡಲಿ. ಬಣ್ಣ ಬಂದ ಮೇಲೆ ಮತ್ತೆ ಹಿಡಿ." ಚಮಚದ ಹಿಡಿಯಿಂದ ಬಟಾಣಿಯನ್ನು ಹಿಂದಕ್ಕೆ ತಳ್ಳಿ ತೋರಿಸಿದರು. ಹಿಂದಿದ್ದವರು ಗೊಣಗುತ್ತಿದ್ದರು. ಈ ಮಾತು ಪುಸ್ತಕದಲ್ಲೂ ಇದೆ, ಓದಿಯೂ ಇದ್ದೆ. ಆದರೆ ಬಟಾಣಿಯ ಸಮೇತ ನೋಡಿರಲಿಲ್ಲ.

ಏಳು ತಿಂಗಳ ನಂತರ ಎರಡು ವರ್ಷದ ಹುಡುಗನೊಬ್ಬ ಬಂದ. ನಿಮೋನಿಯಾ ಎಂದು ಮೂರು ವಾರ ಔಷಧಿ ನಡೆದಿತ್ತು. ಬಲಗಡೆಯ ಶ್ವಾಸನಾಳದಲ್ಲಿದ್ದ ಶೇಂಗಾ ಬೀಜವನ್ನು ಹಿಡಿದು ತರುವಾಗ ಅದು ಸರಿಯಾಗಿ ಅಲ್ಲೇ ಜಾರಿತು. ರಕ್ತದ ಆಮ್ಲಜನಕ ಕುಸಿದಂತೆ ಮಾನಿಟರಿನ ಸದ್ದಿನ ಸ್ವರ ಇಳಿಯತೊಡಗಿತು. ಅರಿವಳಿಕೆ ತಜ್ಞೆ ನನ್ನ ಮುಖ ನೋಡಿದರು. ತಳ್ಳಿದೆ. ಸದ್ದು ಮೇಲೇರಲು ಎಷ್ಟು ಹೊತ್ತಾಯಿತೋ, ಗಡಿಯಾರ ನೋಡಿದ್ದು ಅವರು. ಎರಡನೆಯ ಸಲ ಬೀಜ ಹೊರಗೆ ಬಂತು. ಮರುದಿನ ಹುಡುಗನ ಅಜ್ಜಿ ಆ ಚೂರನ್ನು ಕೇಳಿ ಇಸಿದುಕೊಂಡು, ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋದರು.

ಅಂದಹಾಗೆ, ಆ ಹಿರಿಯರ ಉಪನ್ಯಾಸ ಇದ್ದದ್ದು ಮೂರನೆಯ ಸಭಾಂಗಣದಲ್ಲಿ, ಊಟಕ್ಕೆ ಮುಂಚಿನ ಕೊನೆಯ ಹೊತ್ತಿನಲ್ಲಿ. ಕೇಳಲು ಹನ್ನೊಂದು ಜನ ಇದ್ದೆವು.